ಕೋಳಿ ಬೇಯಲಿ, ನಾವ್ಯಾಕೆ ಬೇಯಬೇಕು?

ನಿಮ್ಮನೆಯಲ್ಲಿ ಕೋಳಿ ಸಾರು ಮಾಡಿದ ದಿನ ಯಾವ ತುಂಡು ಯಾರ ತಟ್ಟೆಗೆ ಬೀಳುತ್ತದೆ ಅಂತ ಯಾವತ್ತಾದ್ರೂ ಗಮನಿಸಿದ್ದೀರಾ? ಕಾಲು ಮಕ್ಕಳಿಗೆ. ಎದೆಯ ದಪ್ಪ ತುಂಡು ಯಜಮಾನರಿಗೆ, ಬಂದ ಅಳಿಯಂದಿರಿಗೆ. ಪಿತ್ತಕೋಶ ತೆಗೆದ ಲಿವರ್‌ಗೆ ಮೊದಲೇ ಬುಕಿಂಗ್ ಆಗಿರುತ್ತದೆ. ಕೊನೆಗೆ ಬಡಿಸಿದವಳು ಕೂತಾಗ ಪಾತ್ರೆಯ ತಳದಲ್ಲಿ ಉಳಿದದ್ದು ಕುತ್ತಿಗೆ, ಬೆನ್ನು, ರೆಕ್ಕೆಯ ತುದಿ. 'ನಂಗೆ ಕುತ್ತಿಗೆಯೇ ಇಷ್ಟ' ಅಂತ ನಮ್ಮವ್ವ ಹೇಳುತ್ತಿದ್ದುದನ್ನು ಇಪ್ಪತ್ತು ವರ್ಷ ನಾನು ನಂಬಿದ್ದೆ!

ಇದನ್ನೆಲ್ಲ ಈಗ ಯಾಕೆ ಹೇಳ್ತಿದ್ದೀನಿ ಅಂದ್ರೆ, ಪ್ರತಿ ನವೆಂಬರ್ ಕೊನೆಗೆ ನ್ಯೂಜೆರ್ಸಿಯಿಂದ ನನ್ನ ತಂಗಿಯ ಫೋನ್ ಬರುತ್ತದೆ. ನವೆಂಬರಿನ ನಾಲ್ಕನೇ ಗುರುವಾರ ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅವತ್ತು ಟರ್ಕಿ ಕೋಳಿ ಆಗಲೇಬೇಕು. ಇಡೀ ಹಕ್ಕಿ ಅಂದ್ರೆ ಆರೇಳು ಕಿಲೋ. ಮೂರು ಜನರ ಸಂಸಾರಕ್ಕೆ ವಾರಗಟ್ಟಲೆ ಅದೇ. ಹಾಗಾಗಿ ಇವಳು ಬರೀ ಎದೆಯ ಭಾಗ ತರುತ್ತಾಳೆ. ಅದನ್ನು ಸ್ಲೋ ಕುಕ್ಕರ್‌ಗೆ ಹಾಕಿ, ಮಗಳನ್ನು ಕರೆದುಕೊಂಡು ಪಾರ್ಕಿಗೆ ಹೋಗಿಬಿಡುತ್ತಾಳೆ. "ಅಕ್ಕಾ, ಅಡುಗೆ ಆಗ್ತಾ ಇದೆ, ನಾನು ಜೋಕಾಲಿ ಮೇಲಿದ್ದೀನಿ" ಅಂತ ಒಂದು ಸಲ ಪಾರ್ಕಿನಿಂದಲೇ ಫೋನ್ ಮಾಡಿದ್ದಳು. ಹೊಟ್ಟೆಕಿಚ್ಚು ಆಗಲಿಲ್ಲ ಅಂದ್ರೆ ಸುಳ್ಳು.

ಸ್ಲೋ ಕುಕ್ಕರ್ ಅಂದ್ರೆ ದೊಡ್ಡ ಮಾಯದ ಪೆಟ್ಟಿಗೆಯೇನಲ್ಲ. ಒಳಗೊಂದು ದಪ್ಪ ಪಿಂಗಾಣಿಯ ಪಾತ್ರೆ, ಅದರ ಸುತ್ತ ಸಣ್ಣಗೆ ಬಿಸಿಯಾಗುವ ವಿದ್ಯುತ್ ಸುರುಳಿ, ಮೇಲೆ ಗಾಜಿನ ಮುಚ್ಚಳ. ಸೀಟಿ ಇಲ್ಲ, ಒತ್ತಡ ಇಲ್ಲ. ಇದನ್ನು ಕಂಡುಹಿಡಿದವರು ಇರ್ವಿಂಗ್ ನ್ಯಾಕ್ಸನ್ ಎಂಬ ಅಮೆರಿಕದ ಎಂಜಿನಿಯರ್. ಅವರಿಗೆ 1940ರಲ್ಲಿ ಪೇಟೆಂಟ್ ಸಿಕ್ಕಿತು. ಯೋಚನೆ ಬಂದದ್ದು ಮಾತ್ರ ಅವರ ತಾಯಿ ಹೇಳಿದ ಕಥೆಯಿಂದ. ಲಿಥುವೇನಿಯಾದ ಅವರ ಊರಲ್ಲಿ ಯಹೂದಿ ಹೆಂಗಸರು ಶುಕ್ರವಾರ ಸಂಜೆ ಕಾಳು-ಮಾಂಸದ ಮಡಕೆಯನ್ನು ಬೇಕರಿಯ ಆರುತ್ತಿರುವ ಒಲೆಯೊಳಗೆ ಇಟ್ಟುಬರುತ್ತಿದ್ದರಂತೆ. ಶನಿವಾರ ಬೆಂಕಿ ಮುಟ್ಟುವ ಹಾಗಿಲ್ಲವಲ್ಲ! ರಾತ್ರಿಯಿಡೀ ಅದು ತಾನೇ ಬೇಯುತ್ತಿತ್ತು. 1971ರಲ್ಲಿ ಇದೇ ಯಂತ್ರ ಕ್ರಾಕ್-ಪಾಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಹೊರಗೆ ದುಡಿಯಲು ಹೊರಟ ಅಲ್ಲಿಯ ಹೆಂಗಸರು ಮುಗಿಬಿದ್ದು ಕೊಂಡರು.

ಆರುತ್ತಿರುವ ಒಲೆ ಅಂದ ಕೂಡಲೇ ನನಗೆ ನೆನಪಾಗೋದು ಸುಂಕಸಾಳದ ನಮ್ಮ ತವರು. ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯ ಮೇಲೆ, ಗಂಗಾವಳಿ ಹೊಳೆಯ ಮಗ್ಗುಲಿನ ಊರು. ಹಗಲೂ ರಾತ್ರಿ ಲಾರಿಗಳ ಸದ್ದು. ಅಡುಗೆಮನೆಯಲ್ಲಿ ಮಣ್ಣಿನ ಒಲೆ, ಅದಕ್ಕೆ ಅಂಟಿಕೊಂಡು ಒಂದು ಕೋಡೊಲೆ. ದೊಡ್ಡ ಒಲೆಯಲ್ಲಿ ಕೊತಕೊತ ಅನ್ನ. ಅಲ್ಲಿಂದ ಹಾಯ್ದು ಬಂದ ಬಿಸಿಯಲ್ಲಿ ಕೋಡೊಲೆಯ ಮೇಲೆ ಮಡಕೆಯೊಳಗೆ ಕೋಳಿ. ಊರ ಕೋಳಿ ಗಟ್ಟಿ. ಬೆಳಿಗ್ಗೆ ಹತ್ತಕ್ಕೆ ಇಟ್ಟರೆ ಮಧ್ಯಾಹ್ನ ಒಂದೂವರೆಗೆ ಹದ. ಕೊತ್ತಂಬರಿ, ಬ್ಯಾಡಗಿ ಮೆಣಸು, ಕಾಳುಮೆಣಸು, ಲವಂಗ ಹುರಿದು ತೆಂಗಿನಕಾಯಿ ಜೊತೆ ಕಲ್ಲಲ್ಲಿ ಅರೆದ ಮಸಾಲೆ, ಹುಳಿಗೆ ಎರಡು ಮುರುಗಲು ಸಿಪ್ಪೆ. ಆ ರುಚಿಯ ಬಗ್ಗೆ ಬರೆಯಲು ಕೂತರೆ ಈ ಪುಟ ಸಾಲದು.

ಹಾಗಾಗಿ 'ನಮ್ಮಲ್ಲೂ ಸ್ಲೋ ಕುಕ್ಕರ್ ಇತ್ತು ಕಣ್ರೀ' ಅಂತ ಹೆಮ್ಮೆಯಿಂದ ಹೇಳಿಬಿಡಬಹುದು. ಹೇಳಿದ್ದೆ ಕೂಡ! ಆದರೆ ಆ ಸ್ಲೋ ಕುಕ್ಕರ್‌ಗೆ ಒಂದು ಸ್ವಿಚ್ ಇತ್ತು. ಅದರ ಹೆಸರು ಅವ್ವ. ಮೂರೂವರೆ ಗಂಟೆ ಒಲೆಯ ಬಾಯಲ್ಲಿ ಕೂತು ಕಟ್ಟಿಗೆ ಹಿಂದೆ ಎಳೆಯಬೇಕು, ಮುಂದೆ ದೂಡಬೇಕು, ಊದುಗೊಳವೆಯಲ್ಲಿ ಊದಬೇಕು. ಮಳೆಗಾಲದಲ್ಲಿ ಹಸಿ ಕಟ್ಟಿಗೆ. ಕಣ್ಣು ಕೆಂಪು, ಕೆಮ್ಮು. ಈಗ ಅರವತ್ತರ ಮೇಲಾದ ಅವ್ವನಿಗೆ ಜಗಲಿಯ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಅವರು ಬೀಡಿ-ಸಿಗರೇಟು ಮುಟ್ಟಿದವರಲ್ಲ. ಡಾಕ್ಟರು ಎಕ್ಸ್‌ರೇ ನೋಡಿ ಕೇಳಿದ ಮೊದಲ ಪ್ರಶ್ನೆ: "ಎಷ್ಟು ವರ್ಷ ಕಟ್ಟಿಗೆ ಒಲೆ ಮುಂದೆ ಇದ್ರಿ?"

ಅಡುಗೆಮನೆಯ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ತೀರಿಹೋದರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೊಗೆ ಕಡಿಮೆ ಮಾಡುವ ಪ್ರಯತ್ನ ನಮ್ಮಲ್ಲಿ ಆಗಿಲ್ಲ ಅಂತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ 1980ರ ದಶಕದಲ್ಲಿ ಹಳ್ಳಿಗಳಿಗೆ ಬಂತು. 2016ರಲ್ಲಿ ಉಜ್ವಲ ಯೋಜನೆಯ ಗ್ಯಾಸ್ ಬಂತು. ನಮ್ಮನೆಗೂ ಗ್ಯಾಸ್ ಬಂದು ವರ್ಷಗಳೇ ಆದವು. ಚಹಾ, ಒಗ್ಗರಣೆ, ಅನ್ನ ಎಲ್ಲ ಗ್ಯಾಸಿನ ಮೇಲೆ. ಆದರೆ ಕೋಳಿ ಮಾತ್ರ? "ಕೋಳಿ ಸಾರಿಗೆ ಒಲೆನೇ ಆಗ್ಬೇಕು. ಕುಕ್ಕರ್‌ನಲ್ಲಿ ಕೂಗಿಸಿದ್ದು ಬಾಯಿಗೆ ಹತ್ತೂದಿಲ್ಲ." ಹೀಗೆ ಹೇಳುವವರು ಅವ್ವ ಅಲ್ಲ. ಸಾರು ಉಣ್ಣುವವರು! ಅತ್ತಿಗೆ ಗ್ಯಾಸಿನಲ್ಲಿ ಮಾಡಿದರೆ ಮೊದಲ ತುತ್ತಿಗೇ ಗೊತ್ತಾಗುತ್ತದಂತೆ ಅಣ್ಣನಿಗೆ. ಅವನ ಮುಖ ನೋಡಲಾಗದೆ ಅವ್ವ ಮತ್ತೆ ಒಲೆಯ ಮುಂದೆ.

ಈಗ ನಗರದ ಹೋಟೆಲುಗಳಲ್ಲೂ 'ಕಟ್ಟಿಗೆ ಒಲೆ ಅಡುಗೆ' ಅಂತ ಬೋರ್ಡ್ ಹಾಕುತ್ತಾರೆ. ನಾವೂ ಭಾನುವಾರ ಕಾರು ಹತ್ತಿ ಹೋಗಿ, ನಾಲ್ಕು ಪಟ್ಟು ದುಡ್ಡು ಕೊಟ್ಟು, 'ಆಹಾ, ಅಜ್ಜಿಯ ಕೈರುಚಿ' ಅಂತ ಬೆರಳು ನೆಕ್ಕಿ ಬರುತ್ತೇವೆ. ಹೋಗಬೇಡಿ ಅನ್ನೋದಿಲ್ಲ, ನಾನೂ ಹೋಗಿದ್ದೀನಿ. ಒಂದು ಸಲ ಹಿತ್ತಲ ಬಾಗಿಲಲ್ಲಿ ಇಣುಕಿ ಒಲೆ ಊದುವವರು ಯಾರು ಅಂತ ನೋಡಿ ಬನ್ನಿ, ಅಷ್ಟೇ.

ಕಳೆದ ಡಿಸೆಂಬರಿನಲ್ಲಿ ತಂಗಿ ಊರಿಗೆ ಬಂದಾಗ ಸೂಟ್‌ಕೇಸಿನಲ್ಲಿ ಬಟ್ಟೆಯಲ್ಲಿ ಸುತ್ತಿ ಒಂದು ಸ್ಲೋ ಕುಕ್ಕರ್ ತಂದಿದ್ದಳು, ಅವ್ವನಿಗೆ ಅಂತ. ನಾನು ಹುಬ್ಬಳ್ಳಿಯಿಂದ ಹೋಗಿದ್ದೆ. ಅವಳು ಸ್ನಾನಕ್ಕೆ ಹೋದಾಗ ನನ್ನ ಜಾಣತನ ಜಾಗೃತವಾಯಿತು. ನೋಡೋಣ ಅಂತ ಪಿನ್ ಬದಲಿಸಿ ಚುಚ್ಚಿದೆ. ಹತ್ತು ನಿಮಿಷಕ್ಕೆ ಸುಟ್ಟ ವಾಸನೆ, ಒಂದು ಟಪ್ ಸದ್ದು, ಮನೆಯ ಫ್ಯೂಸ್ ಹಾರಿತು! ಅಮೆರಿಕದ ಕರೆಂಟು 120 ವೋಲ್ಟ್, ನಮ್ಮದು 230. ಹೆಚ್ಚುಕಡಿಮೆ ಎರಡು ಪಟ್ಟು ವೋಲ್ಟೇಜ್ ಕೊಟ್ಟರೆ ಸುರುಳಿ ನಾಲ್ಕು ಪಟ್ಟಿನ ಹತ್ತಿರ ಬಿಸಿ ಕಾರುತ್ತದೆ. 200 ವ್ಯಾಟಿನದ್ದು 700 ದಾಟುತ್ತದೆ. ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಬದಲಿಸುವುದಿಲ್ಲ ಅಂತ ಬಿಎ ಓದಿದ ನನಗೆ ಯಾರೂ ಹೇಳಿರಲಿಲ್ಲ. ಹೊರದೇಶದಿಂದ ಯಾರಾದ್ರೂ ಮಿಕ್ಸಿ, ಕುಕ್ಕರ್ ತಂದುಕೊಟ್ಟರೆ ಮೊದಲು ಅದರ ತಳ ತಿರುಗಿಸಿ ನೋಡಿ. ಬರೀ 120 ವೋಲ್ಟ್ ಅಂತಿದ್ದರೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಚುಚ್ಚಬೇಡಿ. ಅದಕ್ಕಿಂತ ಇಲ್ಲಿಯದ್ದನ್ನೇ ಕೊಳ್ಳುವುದು ಒಳ್ಳೇದು. ನಾನು ತಪ್ಪಿಗೆ ದಂಡವಾಗಿ ಅದನ್ನೇ ಮಾಡಿದೆ.

ಹೊಸದು ಬಂತು. ಇನ್ನು ಟರ್ಕಿ ಎಲ್ಲಿಂದ ತರೋದು? ಸುಂಕಸಾಳದಲ್ಲಿ ಟರ್ಕಿ ಕೇಳಿದರೆ ನಗುತ್ತಾರೆ. ತಮಾಷೆ ಅಂದ್ರೆ, ನಮ್ಮ ದೇಶದಲ್ಲಿ ಈ ಹಕ್ಕಿಯ ಹಳೆಯ ದಾಖಲೆಯೊಂದು ನಮ್ಮ ಕರಾವಳಿಯ ಪಕ್ಕದ್ದೇ. 1612ರಲ್ಲಿ ಮೊಗಲ್ ದೊರೆ ಜಹಾಂಗೀರನಿಗೆ ಅವನ ಅಧಿಕಾರಿಯೊಬ್ಬ ಪೋರ್ಚುಗೀಸರ ಗೋವೆಯಿಂದ ಟರ್ಕಿ ಕೋಳಿ ಒಯ್ದುಕೊಟ್ಟಿದ್ದ. ದೊರೆ ಬೆರಗಾಗಿ ಆಸ್ಥಾನದ ಚಿತ್ರಕಾರ ಮನ್ಸೂರನಿಂದ ಅದರ ಚಿತ್ರ ಬರೆಸಿದ. ಕಾರವಾರದಿಂದ ಕೂಗಳತೆಯ ಗೋವೆಗೆ ನಾನೂರು ವರ್ಷದ ಹಿಂದೆಯೇ ಬಂದ ಹಕ್ಕಿ ನಮ್ಮ ಅಡುಗೆಮನೆಗೆ ಮಾತ್ರ ಬರಲಿಲ್ಲ ನೋಡಿ! ಬೆಂಗಳೂರಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಹೆಪ್ಪುಗಟ್ಟಿಸಿದ್ದು ಸಿಗುತ್ತದೆ, ಬೆಲೆ ಕೈಸುಡುತ್ತದೆ. ಅತ್ತಿಗೆ ಹಿತ್ತಲಲ್ಲಿ ಗಿರಿರಾಜ ಸಾಕಿದ್ದರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 1980ರ ದಶಕದ ಕೊನೆಗೆ ಕೊಟ್ಟ ತಳಿ. ಊರ ಕೋಳಿಗಿಂತ ದೊಡ್ಡದಾಗಿ, ಬೇಗ ಬೆಳೆಯುತ್ತದೆ. ಮೂರು ಕಿಲೋ ದಾಟಿದ ಎಳೆ ಹುಂಜ ನಮ್ಮ ಟರ್ಕಿಯಾಯಿತು.

ಇಲ್ಲಿ ತಂಗಿ ಒಂದು ಮುಖ್ಯ ಮಾತು ಹೇಳಿದಳು, ನಾನು ಇಷ್ಟು ದಿನ ತಪ್ಪು ತಿಳಿದದ್ದು. ನಿಧಾನ ಬೇಯಿಸಿದರೆ ಎಲ್ಲ ಮಾಂಸವೂ ಮೆತ್ತಗಾಗುತ್ತದೆ ಅಂತ ನಾವು ಅಂದುಕೊಂಡಿದ್ದೇವೆ, ಅಲ್ವಾ? ಕಾಲು, ತೊಡೆ, ಕುತ್ತಿಗೆಗೆ ಅದು ನಿಜ. ಓಡಾಡಿ ದುಡಿದ ಭಾಗಗಳವು. ಅವುಗಳಲ್ಲಿ ನಾರು-ಅಂಟು ಹೆಚ್ಚು. ಗಂಟೆಗಟ್ಟಲೆ ಸಣ್ಣ ಬಿಸಿಯಲ್ಲಿ ಆ ಅಂಟು ಕರಗಿ ಸಾರು ದಪ್ಪವಾಗುತ್ತದೆ. ಎದೆಯ ಮಾಂಸಕ್ಕೆ ಆ ಅಂಟೂ ಇಲ್ಲ, ಕೊಬ್ಬೂ ಇಲ್ಲ. ಹದ ಮೀರಿತೋ, ತನ್ನ ನೀರನ್ನೆಲ್ಲ ಹಿಂಡಿ ಹೊರಹಾಕಿ ಹತ್ತಿಯಂತಾಗುತ್ತದೆ. ಸಾರಿನಲ್ಲಿ ಮುಳುಗಿದ್ದರೂ ಒಣಗುತ್ತದೆ! ಹಾಗಾಗಿ ಸ್ಲೋ ಕುಕ್ಕರಿನಲ್ಲಿ ಬೆಳಿಗ್ಗೆ ಇಟ್ಟು ಸಂಜೆ ತೆಗೆಯುವ ಆಟ ಎದೆಗೆ ನಡೆಯುವುದಿಲ್ಲ.

ಟರ್ಕಿಯ ಎದೆ ಸಿಕ್ಕರೆ ಅವಳ ಕ್ರಮ ಹೀಗೆ. ಎಲುಬು, ಚರ್ಮ ಇರುವ ತುಂಡೇ ಬೇಕು, ಎರಡರಿಂದ ಎರಡೂವರೆ ಕಿಲೋದ್ದು. ಹೆಪ್ಪುಗಟ್ಟಿದ್ದನ್ನು ಹಾಗೆಯೇ ಕುಕ್ಕರ್‌ಗೆ ಹಾಕಲೇಬಾರದು. ಫ್ರಿಜ್ಜಿನ ಕೆಳಗಿನ ಹಂತದಲ್ಲಿ ಒಂದು ದಿನಕ್ಕಿಂತ ಹೆಚ್ಚೇ ಇಟ್ಟು ಕರಗಿಸಬೇಕು. ಯಾಕಂದ್ರೆ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳಿಗೆ ಸುಗ್ಗಿ. ಗಡ್ಡೆಕಟ್ಟಿದ ಮಾಂಸ ಸಣ್ಣ ಬಿಸಿಯಲ್ಲಿ ಆ ಗಡಿ ದಾಟಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಹಿಂದಿನ ರಾತ್ರಿ ಚೆನ್ನಾಗಿ ಒರೆಸಿ, ಕಿಲೋಗೆ ಒಂದು ಚಹಾ ಚಮಚದಂತೆ ಉಪ್ಪು ಸವರಿಡಿ. ಈ ಉಪ್ಪೇ ಮಾಂಸದ ನೀರನ್ನು ಹಿಡಿದಿಡುವುದು, ಇದನ್ನು ತಪ್ಪಿಸಬೇಡಿ. ಮರುದಿನ ಬೆಣ್ಣೆ, ಬೆಳ್ಳುಳ್ಳಿ, ಕಾಳುಮೆಣಸು ಚರ್ಮದ ಕೆಳಗೂ ಹಚ್ಚಿ. ಅವಳು ಬ್ಯಾಡಗಿ ಮೆಣಸಿನ ಪುಡಿ, ಶುಂಠಿಯನ್ನೂ ಸೇರಿಸುತ್ತಾಳೆ. ಅಂಕೋಲೆಯ ನಾಲಗೆ ಅಮೆರಿಕಕ್ಕೆ ಹೋದರೂ ಬದಲಾಗುತ್ತದೆಯೇ? ತಳಕ್ಕೆ ದಪ್ಪ ಈರುಳ್ಳಿ ಹೋಳು, ಕ್ಯಾರೆಟ್ ಹರಡಿ, ಅರ್ಧ ಕಪ್ ನೀರು. ಅದರ ಮೇಲೆ ಚರ್ಮ ಮೇಲಾಗುವಂತೆ ಎದೆಯ ತುಂಡು. 'ಲೋ'ದಲ್ಲಿ ಸುಮಾರು ಐದಾರು ಗಂಟೆ. ನಾಲ್ಕನೇ ಗಂಟೆಯಿಂದಲೇ ಪರೀಕ್ಷೆ ಶುರು. ಅದಕ್ಕೂ ಮುಂಚೆ ಮುಚ್ಚಳ ತೆಗೆದು ಇಣುಕಬೇಡಿ, ಒಂದೊಂದು ಸಲ ತೆಗೆದಾಗಲೂ ಇಪ್ಪತ್ತು ನಿಮಿಷದ ಬಿಸಿ ಹಾರಿಹೋಗುತ್ತದೆ.

ಹದ ಗೊತ್ತಾಗೋದು ಹೇಗೆ? ಚಮಚದಲ್ಲಿ ಒತ್ತಿ ನೋಡುವ ನಮ್ಮ ಅಂದಾಜು ಇಲ್ಲಿ ಸಾಲದು. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಸಿಗುತ್ತದೆ. ಎಲುಬಿಗೆ ತಾಗದ ಹಾಗೆ ಅತಿ ದಪ್ಪ ಜಾಗಕ್ಕೆ ಚುಚ್ಚಿ. 74 ಡಿಗ್ರಿ ಸೆಲ್ಸಿಯಸ್ ತೋರಿಸಿತೋ, ಆಯಿತು. ಅದಕ್ಕಿಂತ ಕಡಿಮೆ ಇದ್ದರೆ ಅಪಾಯ, ಬಹಳ ಮೀರಿದರೆ ಹತ್ತಿ. ತೆಗೆದು ಕಾಲು ಗಂಟೆ ಮುಚ್ಚಿಟ್ಟು, ನಾರಿಗೆ ಅಡ್ಡಲಾಗಿ ತೆಳ್ಳಗೆ ಕೊಯ್ಯಬೇಕು. ಚರ್ಮ ಬೆಳ್ಳಗೆ, ಮೆತ್ತಗೆ ಇರುತ್ತದೆ. ಕೆಂಪಗೆ ಗರಿಗರಿ ಬೇಕಾದರೆ ಓವನ್ನಿನ ಮೇಲಿನ ಉರಿಯಲ್ಲಿ ನಾಲ್ಕೈದು ನಿಮಿಷ, ಅಥವಾ ಬಿಸಿ ಕಾವಲಿಯ ಮೇಲೆ ಕವುಚಿ. ತಳದಲ್ಲಿ ಇಳಿದ ರಸ ಚೆಲ್ಲಬೇಡಿ, ಅದರ ರುಚಿಯೇ ಬೇರೆ. ಕುದಿಸಿ ದಪ್ಪ ಮಾಡಿಕೊಳ್ಳಿ. ಉಳಿದ ಮಾಂಸ ಎರಡು ಗಂಟೆಯೊಳಗೆ ಫ್ರಿಜ್ಜಿಗೆ.

ನಮ್ಮ ಗಿರಿರಾಜನ ಎದೆಗೆ ಇಷ್ಟೆಲ್ಲ ಹೊತ್ತು ಬೇಕಾಗಲಿಲ್ಲ. ಮುಕ್ಕಾಲು ಕಿಲೋ ತೂಗುತ್ತಿತ್ತು, ಎರಡೂವರೆ ಗಂಟೆಗೇ 74 ಮುಟ್ಟಿತು. ಆಮೇಲೆ ಕಾಲು, ತೊಡೆ, ಬೆನ್ನು ಎಲ್ಲ ಅವ್ವನ ಮಸಾಲೆಯೊಡನೆ ಅದೇ ಪಾತ್ರೆಗೆ. ಮಸಾಲೆಯನ್ನು ಮೊದಲು ಬಾಣಲೆಯಲ್ಲಿ ಚೆನ್ನಾಗಿ ಹುರಿದು ಹಾಕಿ. ಸ್ಲೋ ಕುಕ್ಕರಿನಲ್ಲಿ ಹುರಿಯುವುದು ಆಗದು, ಹಸಿ ವಾಸನೆ ಹಾಗೇ ಉಳಿಯುತ್ತದೆ. ನೀರು ಕುಕ್ಕರ್‌ಗಿಂತ ಕಡಿಮೆ ಸಾಕು, ಆವಿ ಹೊರಗೆ ಹೋಗುವುದೇ ಇಲ್ಲ. ತೆಂಗಿನ ಹಾಲು ಹಾಕುವವರು ಕೊನೆಯ ಅರ್ಧ ಗಂಟೆಗೆ ಹಾಕಿ, ಇಲ್ಲವಾದರೆ ಒಡೆಯುತ್ತದೆ. ಕರೆಂಟು? 200 ವ್ಯಾಟ್ ಆರು ಗಂಟೆ ಉರಿದರೆ 1.2 ಯೂನಿಟ್. ಕಟ್ಟಿಗೆ ಹೊರೆಯ ಬೆಲೆಯ ಮುಂದೆ ಏನೂ ಅಲ್ಲ.

ಮಾಂಸ ತಿನ್ನದವರು ಈ ಪುಟ ತಿರುವಿಹಾಕಬೇಡಿ, ನಿಮಗೂ ಒಂದು ಎಚ್ಚರಿಕೆ ಇದೆ. ರಾಜ್ಮಾವನ್ನು ನೇರವಾಗಿ ಸ್ಲೋ ಕುಕ್ಕರಿಗೆ ಹಾಕಬಾರದು. ಆ ಕಾಳಿನಲ್ಲಿ ಸಹಜವಾಗಿಯೇ ಒಂದು ವಿಷದ ಅಂಶ ಇದೆ, ಜೋರಾಗಿ ಕುದಿಸಿದರೆ ಮಾತ್ರ ಸಾಯುತ್ತದೆ. ಸಣ್ಣ ಬಿಸಿಯಲ್ಲಿ ಅರೆಬೆಂದರೆ ವಾಂತಿ-ಭೇದಿ ಗ್ಯಾರಂಟಿ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿ ಆಮೇಲೆ ಹಾಕಿ. ಹುರುಳಿ ಕಟ್ಟಿನ ಸಾರು ಮಾತ್ರ ಇದರಲ್ಲಿ ಸೊಗಸೋ ಸೊಗಸು.

ಇನ್ನೊಂದು ವಿಷಯ ಕರೆಂಟಿನದ್ದು. 2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿ ಹರಿದಾಗ ನಮ್ಮ ಕಡೆ ದಿನಗಟ್ಟಲೆ ಕತ್ತಲೆ. ಅಂಥ ದಿನಗಳಲ್ಲಿ ಒಲೆಯೇ ದೇವರು. ಹಾಗಾಗಿ ಒಲೆ ಒಡೆದುಹಾಕಿ ಅನ್ನುವ ದಡ್ಡತನ ನಾನು ಮಾಡುವುದಿಲ್ಲ. ನಗರದಲ್ಲಿರುವ ನೀವೂ ಮನೆಯಿಂದ ಹೊರಗೆ ಹೋಗುವುದಿದ್ದರೆ, ಕರೆಂಟು ಹೋಗಿಬರುವ ದಿನ ಮಾಂಸ ಇಟ್ಟು ಹೋಗಬೇಡಿ. ಬೇಯುವ ನಡುವೆ ಎರಡು ಗಂಟೆ ಕರೆಂಟು ಹೋಗಿತ್ತು ಅಂತ ಗೊತ್ತಾದರೆ, ಮತ್ತೆ ಬಂದು ಬೆಂದಿದ್ದರೂ ನಂಬಬೇಡಿ, ಚೆಲ್ಲಿಬಿಡಿ. ಹೊಟ್ಟೆ ಉರಿಯುತ್ತದೆ, ಆಸ್ಪತ್ರೆಯ ಬಿಲ್ಲಿಗಿಂತ ಕಡಿಮೆಯೇ.

ಕೆಲವರು ಹೇಳುತ್ತಾರೆ, ಹೆಂಗಸು ಪಕ್ಕದಲ್ಲಿ ನಿಂತು ಮಾಡದ ಅಡುಗೆಯಲ್ಲಿ ಪ್ರೀತಿ ಇರೋದಿಲ್ಲ ಅಂತ. ನಮ್ಮತ್ತೆಯವರೂ ಮೊದಮೊದಲು ಹಾಗೇ ಅಂದರು. ನೀವೇ ಹೇಳಿ, ಗಂಡ ಆಫೀಸಿನಲ್ಲಿ ಸಂಬಳ ಎಣಿಸುವಾಗ ಪ್ರತಿ ನೋಟಿನಲ್ಲೂ ಪ್ರೀತಿ ಇದೆಯೇ ಅಂತ ನಾವು ಕೇಳ್ತೀವಾ? ಹಾಗಂತ ಉಳಿದ ಮೂರು ಗಂಟೆಯನ್ನು ಧಾರಾವಾಹಿ ನೋಡುತ್ತ ಬಟ್ಟೆ ಮಡಚುವುದಕ್ಕೆ ಕೊಟ್ಟರೆ ಯಂತ್ರ ಕೊಂಡದ್ದೇ ದಂಡ. ಜೋಕಾಲಿ ಸಿಕ್ಕರೆ ಜೋಕಾಲಿ. ನಾನು ಈ ಲೇಖನವನ್ನು ಹುರುಳಿ ಬೇಯುವಾಗ ಬರೆದೆ!

ಆ ದಿನ ಸುಂಕಸಾಳದಲ್ಲಿ ಅಣ್ಣ ಮೊದಲ ತುತ್ತು ಬಾಯಿಗಿಟ್ಟು ಸುಮ್ಮನಿದ್ದ. ಎರಡನೇ ಸಲ ಸಾರು ಹಾಕಿಸಿಕೊಂಡ. "ಅಡ್ಡಿಲ್ಲ. ಹೊಗೆ ಪರಿಮಳ ಒಂದಿಲ್ಲ" ಅಂದ. ಅತ್ತಿಗೆ ಸೌಟು ಹಿಡಿದೇ ತಿರುಗಿದರು: "ಆ ಪರಿಮಳ ನಿಮ್ಮವ್ವನ ಎದೆಯಲ್ಲಿ ಬೇಕಾದಷ್ಟು ಉಂಟು. ಡಾಕ್ಟ್ರು ಫೋಟೋ ತೆಗ್ದೇ ತೋರ್ಸಿದಾರೆ." ಅಣ್ಣ ತಲೆ ಎತ್ತಲಿಲ್ಲ. ಮುಂದಿನ ವಾರ ಅಂಕೋಲೆ ಪೇಟೆಗೆ ಹೋದವನು ಉದ್ದದ ಎಕ್ಸ್‌ಟೆನ್ಶನ್ ಬಾಕ್ಸ್ ತಂದ. ಅಡುಗೆಮನೆಯಲ್ಲಿ ಇದ್ದದ್ದು ಒಂದೇ ಪ್ಲಗ್ ಪಾಯಿಂಟ್.

ಅವತ್ತು ಎಲ್ಲರೂ ಒಟ್ಟಿಗೇ ಕೂತೆವು, ಬಡಿಸಲು ಯಾರೂ ನಿಲ್ಲಲಿಲ್ಲ. ತಂಗಿ ಎದೆಯ ಮಾಂಸ ತೆಳ್ಳಗೆ ಕೊಯ್ದು ಮೊದಲು ಅವ್ವನ ತಟ್ಟೆಗೇ ಹಾಕಿದಳು, ಮೇಲೆ ಎರಡು ಚಮಚ ರಸ, ಪಕ್ಕದಲ್ಲಿ ಅಕ್ಕಿ ರೊಟ್ಟಿ. ಅವ್ವ ಬೆರಳಲ್ಲಿ ಈ ಕಡೆ ಆ ಕಡೆ ಮಗುಚಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಇದ್ರಲ್ಲಿ ಎಲುಬೇ ಇಲ್ವಲ್ಲ ಮಗಾ. ತಿನ್ನೂದು ಹ್ಯಾಂಗೆ?"